ದಿವಂಗತ ಕಾಳವ್ವನ ನಳ

ಖಾಡಿಪಾಡಾ ನಗರಪರಿಷತ್ತಿನ ಸಾಮಾನ್ಯ ಸಭೆ ತಿಂಗಳಿಗೊಮ್ಮೆ ತಪ್ಪದೆ ಸೇರುತ್ತಿತ್ತು, ತಪ್ಪದೆ ಮುಂದಕ್ಕೂ ಹೋಗುತ್ತಿತ್ತು. ಮುಂಬಯಿಯ ಹೊರವಲಯದಲ್ಲಿ, ಕಲ್ಯಾಣಕ್ಕೂ ಮುಂಬ್ರಾಕ್ಕೂ ನಡುವೆ, ಖಾಡಿಯೆಂಬ ಹಿನ್ನೀರಿನ ಕೆಸರಿಗೂ ರೈಲುಹಳಿಗೂ ನಡುವೆ ಸಿಕ್ಕಿಕೊಂಡ ಈ ಊರಿಗೆ ಎಪ್ಪತ್ತರ ದಶಕದ ಕೊನೆಗೆ ನಗರಪರಿಷತ್ತು ಬಂದಾಗ ಅದರ ಬೆನ್ನಿಗೇ ಒಂದು ಸಂಪ್ರದಾಯವೂ ಬಂತು. ಗಣ್ಯರು ಯಾರಾದರೂ ತೀರಿಕೊಂಡರೆ ಸದಸ್ಯರು ಎದ್ದು ನಿಂತು ಮೌನ ಆಚರಿಸಬೇಕು, ಶ್ರದ್ಧಾಂಜಲಿ ಠರಾವು ಪಾಸು ಮಾಡಬೇಕು, ಆಮೇಲೆ ಮೃತರ ಗೌರವಾರ್ಥ ಉಳಿದ ಕಲಾಪವನ್ನೆಲ್ಲ ಮುಂದೂಡಿ, ಬಟಾಟೆವಡೆ ತಿಂದು ಮನೆಗೆ ಹೋಗಬೇಕು. ದೇಶ ದೊಡ್ಡದು, ಗಣ್ಯರೂ ಬಹಳ. ಹೀಗಾಗಿ ಯಾವ ತಿಂಗಳೂ ಸಭೆಗೆ ಶೋಕದ ಕೊರತೆಯಾಗಲಿಲ್ಲ.

ಈ ಠರಾವುಗಳನ್ನು ಬರೆಯುವವನು ವಿಜಾಪುರದ ಕಡೆಯ ಗುರುಪಾದಪ್ಪ. ಹುದ್ದೆ, ಸಭಾ ಸಹಾಯಕ ಹಾಗೂ ಜನಸಂಪರ್ಕ ಕಾರಕೂನ. ಬೆಳಿಗ್ಗೆ ಜನರ ದೂರು ಕೇಳುವುದು, ಮಧ್ಯಾಹ್ನ ಆ ದೂರನ್ನು ಸದಸ್ಯರ ಪರವಾಗಿ ಪ್ರಶ್ನೆಯನ್ನಾಗಿ ಬರೆಯುವುದು, ಸಂಜೆ ಅದೇ ಪ್ರಶ್ನೆಗೆ ಆಡಳಿತದ ಪರವಾಗಿ ಉತ್ತರ ಬರೆಯುವುದು ಅವನ ಕೆಲಸ. ಅವನು ಎರಡೂ ಪಕ್ಷಗಳಿಗೆ ಅನ್ಯಾಯ ಮಾಡಿದವನಲ್ಲ. ಪ್ರಶ್ನೆ ಖಡಕ್ಕಾಗಿರುತ್ತಿತ್ತು, ಉತ್ತರ ‘ಪರಿಶೀಲನೆಯಲ್ಲಿದೆ’ ಎಂದಿರುತ್ತಿತ್ತು.

ಅವನು ವಾಸವಿದ್ದ ಚಾಳಿಗೇ, ಆ ಸಾಲುಮನೆಗಳಿಗೇ, ನಳ ಇರಲಿಲ್ಲ. ಮನೆಯಲ್ಲಿ ಅವನೂ ಅವನ ತಾಯಿ ಕಾಳವ್ವನೂ ಇಬ್ಬರೇ. ಮಗ ಕಚೇರಿಗೆ ಹೋದ ಮೇಲೆ, ನಡುಮಧ್ಯಾಹ್ನ, ಹಳಿಯಾಚೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನೀರು ಬರುತ್ತಿತ್ತು. ಕಾಳವ್ವ ಬಾತ ಮೊಣಕಾಲನ್ನು ಎಳೆದುಕೊಂಡು, ಕೊಡ ಹೊತ್ತು, ಹಳಿ ದಾಟಿ ಬರುತ್ತಿದ್ದಳು. ಒಂದು ಮಳೆಗಾಲದಲ್ಲಿ ಹಳಿಯ ಮೇಲೆಯೇ ಜಾರಿಬಿದ್ದಳು. ಯಾರೋ ರಟ್ಟೆ ಹಿಡಿದು ಎಳೆದರು. ಕೊಡ ಮಾತ್ರ ಗೂಡ್ಸ್ ಗಾಡಿಯ ಕೆಳಗೆ ಹೋಯಿತು. ಚಪ್ಪಟೆಯಾದ ಕೊಡವನ್ನು ನೋಡಿದ ಗುರುಪಾದಪ್ಪ ಮರುದಿನವೇ ಕಲಾಪಪಟ್ಟಿ ಬಿಚ್ಚಿದ. ಚಾಳಿನ ನಳದ ವಿಷಯ ಅದರ ಕಟ್ಟಕಡೆಗೆ ಇತ್ತು. ಅಲ್ಲಿಯವರೆಗೆ ಯಾವ ಸಭೆಯೂ ಮುಟ್ಟಿರಲಿಲ್ಲ.

ಅವನು ವಾರ್ಡಿನ ಸದಸ್ಯ ಮಧ್ವರಾಜರ ಬಳಿ ಹೋದ. ಉಡುಪಿಯ ಕಡೆಯವರು, ಸ್ಟೇಷನ್ನಿನ ಎದುರು ಹೊಟೇಲು ಇಟ್ಟವರು.

“ಸಾಯ್ಬ್ರ, ಈ ಸಲ ನಮ್ಮ ನಳದ ವಿಷಯ ಎತ್ತಬೇಕ್ರಿ.”

“ಎತ್ತಲಿಕ್ಕೆ ಸಭೆ ನಡೀಬೇಕಲ್ಲವಾ ಮಾರಾಯ್ರೆ?” ಎಂದರು ಮಧ್ವರಾಜರು, ಗಲ್ಲಾಪೆಟ್ಟಿಗೆಯಿಂದ ತಲೆಯೆತ್ತದೆ. “ನಮ್ಮಲ್ಲಿ ಶೋಕ ಒಂದೇ ಪಾಸಾಗುವುದು. ಅದಕ್ಕೆ ವಿರೋಧ ಇಲ್ಲ. ಏನು ಬರೆದಿದ್ದೀರಿ ಅಂತ ಕೇಳುವವರೂ ಇಲ್ಲ.”

ಗುರುಪಾದಪ್ಪ ಚಹಾ ಅರ್ಧಕ್ಕೆ ಬಿಟ್ಟು ಎದ್ದ. ಆ ತಿಂಗಳು ನಿವೃತ್ತ ಮಾಸ್ತರರೊಬ್ಬರ ಶ್ರದ್ಧಾಂಜಲಿಯಿತ್ತು. ಪರೀಕ್ಷೆಗೆಂದು ಅದರ ತುದಿಗೆ ಒಂದು ಸಾಲು ಸೇರಿಸಿದ: ‘ಮೃತರ ಅಂತಿಮ ಇಚ್ಛೆಯಂತೆ ಶಾಲೆಯ ಮುಂದಿನ ಗಟಾರಕ್ಕೆ ಚಪ್ಪಡಿ ಹಾಕತಕ್ಕದ್ದು.’ ಸದಸ್ಯರು ಎದ್ದು ನಿಂತರು, ತಲೆ ಬಗ್ಗಿಸಿದರು, ವಡೆ ತಿಂದರು. ಸರ್ವಾನುಮತದ ಠರಾವಾದ್ದರಿಂದ ಇಂಜಿನಿಯರು ತಡಮಾಡುವಂತಿರಲಿಲ್ಲ. ವಾರದೊಳಗೆ ಚಪ್ಪಡಿ ಬಿತ್ತು.

ಸುದ್ದಿ ಎಷ್ಟು ದಿನ ಗುಟ್ಟಾಗಿ ಉಳಿದೀತು? ಮರುಸಭೆಗೆ ಸದಸ್ಯರೆಲ್ಲ ತಂತಮ್ಮ ವಾರ್ಡಿನ ಮೃತರನ್ನು ಹಿಡಿದುಕೊಂಡು ಬಂದರು. ನಗರಾಧ್ಯಕ್ಷ ಅಪ್ಪಾಸಾಹೇಬರು ಗೊಂದಲ ತಪ್ಪಿಸಲು ಪ್ರಕಟಣೆ ಹೊರಡಿಸಿದರು:

‘ಗಣ್ಯ ಎಂದರೆ ಈಡೇರದ ಇಚ್ಛೆಯುಳ್ಳ ಯಾವನೇ ದಿವಂಗತ ವ್ಯಕ್ತಿ. ಇಚ್ಛೆಯು ಪರಿಷತ್ತಿನ ಅಧಿಕಾರವ್ಯಾಪ್ತಿಯೊಳಗೆ ಇರತಕ್ಕದ್ದು. ಮೋಕ್ಷ, ಮೊಮ್ಮಗ ಇತ್ಯಾದಿ ಇಚ್ಛೆಗಳನ್ನು ಪರಿಗಣಿಸಲಾಗುವುದಿಲ್ಲ.’

ಊರು ಸುಧಾರಿಸತೊಡಗಿತು. ಸದಸ್ಯರೊಬ್ಬರ ಸೋದರಮಾವ ಕೊನೆಯುಸಿರಿನಲ್ಲಿ, ಮಾರ್ಕೆಟ್ ರಸ್ತೆಯ ಡಾಂಬರಿನ ಗುತ್ತಿಗೆ ಸೋದರಳಿಯನಿಗೇ ಸಿಗಲೆಂದು ನುಡಿದಿದ್ದರಂತೆ. ಟೆಂಡರು ಕರೆದು ಆ ಆತ್ಮವನ್ನು ನೋಯಿಸಲು ಯಾರಿಗೂ ಮನಸ್ಸು ಬರಲಿಲ್ಲ.

ಗುರುಪಾದಪ್ಪನ ಚಾಳಿನಲ್ಲಿ ಮಾತ್ರ ಯಾರೂ ಸಾಯುತ್ತಿರಲಿಲ್ಲ. ನೀರಿಲ್ಲದ ಜಾಗದಲ್ಲಿ ಜನ ಇಷ್ಟು ಗಟ್ಟಿಮುಟ್ಟಾಗಿರುವುದು ಅವನಿಗೆ ದೊಡ್ಡ ತಲೆನೋವಾಯಿತು. ಒಂದು ಭಾನುವಾರ ಕಾಳವ್ವ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಹೇಳಿದಳು, “ನನ್ನ ಹೆಸರ ಬರಿ.”

“ಯವ್ವಾ, ಜೀವಂತ ಇದ್ದಾಕಿನ್ನ ಹೆಂಗ ಬರೀಲಿ? ಕೈ ಆದರ ಹೆಂಗ ಬಂದೀತು?”

“ಹಳಿ ದಾಟೂದರಾಗ ಎಂದಾರ ಒಂದಿನ ಹೋಗಾಕೀನ ಅದೀನಿ. ಆಗ ಬರದ್ರ ನೀರು ನನಗ ಸಿಗೂದಿಲ್ಲ. ಈಗ ಬರಿ, ಕುಡದ ಹೋಗ್ತೀನಿ.”

ವಾದ ಸರಿಯಾಗಿತ್ತು. ಗುರುಪಾದಪ್ಪ ಪೆನ್ನು ಹಿಡಿದು ಕುಳಿತ. ಇಷ್ಟು ದಿನ ಹೆಸರು ಬದಲಿಸಿ ಅದೇ ಠರಾವು ಬರೆದಿದ್ದವನಿಗೆ ಈ ಸಲ ಮೊದಲ ಸಾಲೇ ಹುಟ್ಟಲೊಲ್ಲದು. ಆಮೇಲೆ ಹುಟ್ಟಿತು, ನಿಲ್ಲಲೊಲ್ಲದಾಯಿತು. ಗಂಡ ಸತ್ತ ಮೇಲೆ ಈಕೆ ಗೊತ್ತಿಲ್ಲದ ಭಾಷೆಯ ಊರಿಗೆ ಬಂದದ್ದು, ಕಂಡವರ ಮನೆಯ ರೊಟ್ಟಿ ಬಡಿದು ಮಗನನ್ನು ಓದಿಸಿದ್ದು, ತಾನು ಅರ್ಧ ತಂಬಿಗೆಯಲ್ಲಿ ಮುಖ ತೊಳೆದು ಅವನಿಗೆ ತುಂಬಿದ ಬಕೆಟ್ಟು ಇಟ್ಟದ್ದು. ಬರೆದದ್ದನ್ನು ತಾಯಿಗೆ ಓದಿ ಹೇಳಿದ.

ಕಾಳವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಇದನ್ನ ಒಂದಿನಾನೂ ನನ್ನ ಮುಂದ ಅನ್ನಲಿಲ್ಲಲ್ಲೋ.”

“ನನಗ ಠರಾವಿನ್ಯಾಗ ಅಷ್ಟ ಅನ್ನಾಕ ಬರತೈತಿ, ಯವ್ವಾ.”

ಸಭೆಯಲ್ಲಿ ಠರಾವು ಓದಿದಾಗ ಸದಸ್ಯರು ಮೊದಲ ಬಾರಿಗೆ ಕಿವಿಗೊಟ್ಟು ಕೇಳಿದರು. ಮಧ್ವರಾಜರು ಬಿಕ್ಕಿದರು. ಹಿಂದಿನ ದಿನವಷ್ಟೇ ಕಾಳವ್ವ ಹೊಟೇಲಿಗೆ ಬಂದು, ಇಡ್ಲಿ ಗಟ್ಟಿಯಾಗಿದೆಯೆಂದು ಜಗಳಾಡಿದ್ದು ಅವರಿಗೆ ನೆನಪಿತ್ತು. ಆದರೆ ಠರಾವು ಪಾಸಾದ ಮೇಲೆ ಸದಸ್ಯರ ನೆನಪಿಗೆ ಕಾನೂನಿನ ಮಾನ್ಯತೆ ಇರುವುದಿಲ್ಲ.

ನಳ ಬಂತು. ಉದ್ಘಾಟನೆಗೆ ಅಪ್ಪಾಸಾಹೇಬರೇ ಬಂದರು. ಹಾರ ಕೈಗೆತ್ತಿಕೊಂಡು ಮೃತರ ಭಾವಚಿತ್ರ ಎಲ್ಲಿ ಎಂದು ವಿಚಾರಿಸಿದರು. ಕಾಳವ್ವ ಹುಟ್ಟಿದಾಗಿನಿಂದ ಫೋಟೋ ತೆಗೆಸಿಕೊಂಡವಳಲ್ಲ. ಇಷ್ಟರಲ್ಲೇ ಕಾಳವ್ವ ಖಾಲಿ ಕೊಡ ಹಿಡಿದು ಮುಂದೆ ಬಂದು ನಿಂತಳು. ಅಪ್ಪಾಸಾಹೇಬರು ಅವಳನ್ನು ಮೇಲಿಂದ ಕೆಳಗೆ ನೋಡಿದರು.

“ಇವರು ಯಾರು?”

“ಮೃತರು, ಸಾಹೇಬ್ರ,” ಎಂದ ಗುರುಪಾದಪ್ಪ. ಬೇರೇನೂ ಹೊಳೆಯಲಿಲ್ಲ.

ಅಪ್ಪಾಸಾಹೇಬರು ಕೊಂಚ ಯೋಚಿಸಿದರು. ನಕಲು ಪ್ರತಿ ಇಲ್ಲದ ಕಡೆ ಮೂಲವನ್ನೇ ಹಾಜರುಪಡಿಸಬಹುದೆಂಬ ನಿಯಮ ಅವರಿಗೆ ಗೊತ್ತಿತ್ತು. ಹಾರವನ್ನು ಕಾಳವ್ವನ ಕೊರಳಿಗೇ ಹಾಕಿ, ಕೈಮುಗಿದು, ಈ ತುಂಬಲಾರದ ನಷ್ಟದ ಬಗ್ಗೆ ಮಾತಾಡತೊಡಗಿದರು.

“ಲಗು ಮುಗಸ್ರಿ, ನೀರ ಹೋಗಿಬಿಡ್ತಾವ,” ಎಂದಳು ಕಾಳವ್ವ.

ಜನ ಚಪ್ಪಾಳೆ ತಟ್ಟಿದರು. ಅಂದಿನಿಂದ ಅವಳು ಹಳಿ ದಾಟಲಿಲ್ಲ. ಗುರುಪಾದಪ್ಪನೂ ನೆಮ್ಮದಿಯಿಂದ ಕಚೇರಿಗೆ ಹೋಗತೊಡಗಿದ.

ಮರುವಾರ ಪಕ್ಕದ ಗಲ್ಲಿಯ ವಸಂತಿ ಜನಸಂಪರ್ಕದ ಕಿಟಕಿಗೆ ಬಂದಳು. ಜೊತೆಗೆ ಅವಳ ಅತ್ತೆ, ಕೈಯಲ್ಲಿ ಚೀಲ, ಮುಡಿಯಲ್ಲಿ ಅಬ್ಬಲಿಗೆ ಹೂವು. ಅವರ ಹಿಂದೆ ಇನ್ನೂ ನಾಲ್ಕಾರು ಬೆಳೆದ ಮಕ್ಕಳು ತಂತಮ್ಮ ವಯಸ್ಸಾದ ತಾಯಂದಿರ ಕೈಹಿಡಿದು ಸಾಲಾಗಿ ನಿಂತಿದ್ದರು.

“ನಮ್ಮ ಗಲ್ಲಿಗೂ ಒಂದು ನಳ ಬೇಕಿತ್ತು,” ಎಂದಳು ವಸಂತಿ. “ಅತ್ತೆ ಒಪ್ಪಿದ್ದಾರೆ.”

ಗುರುಪಾದಪ್ಪ ಹೊಸ ಹಾಳೆ ತೆಗೆದ. “ದಿವಂಗತರ ಹೆಸರು?”

“ಜಲಜಾಕ್ಷಿ,” ಎಂದರು ದಿವಂಗತರು. “ಸ್ವಲ್ಪ ಒಳ್ಳೇದಾಗಿ ಬರೀರಿ, ಆಯ್ತಾ? ಸೊಸೆ ಕೇಳಿಸಿಕೊಳ್ಳಲಿ.”