ಹಗಲು ಹನ್ನೊಂದಕ್ಕೆ ದಯಮಾಡಿಸುವ ಬ್ಯಾಕಪ್ ಮಹಾಶಯರಿಗೆ

ಮಾನ್ಯರೇ,

ರಕ್ತನಿಧಿಯ ನೋಂದಣಿ ಕೌಂಟರಿನ ಗುಮಾಸ್ತೆಯಾದ ನಾನು, ಅಲುಗಾಡದ ಪರದೆಯ ಮುಂದೆ ಕೈಮುಗಿದು ಮಾಡಿಕೊಳ್ಳುವ ಬಿನ್ನಹ. ಮೊದಲಿಗೆ ತಮ್ಮ ಸಮಯಪಾಲನೆಗೆ ಅಭಿನಂದನೆಗಳು. ಈ ಕಟ್ಟಡದಲ್ಲಿ ಮುಖ್ಯ ವೈದ್ಯರಿಂದ ಹಿಡಿದು ಗೋಡೆ ಗಡಿಯಾರದವರೆಗೆ ಎಲ್ಲವೂ ತಡ. ಹನ್ನೊಂದು ಹೊಡೆಯುತ್ತಿದ್ದಂತೆ ಹಾಜರಾಗುವವರು ತಾವೊಬ್ಬರೇ.

ತಮ್ಮನ್ನು ಪ್ರತಿಷ್ಠಾಪಿಸಿದ ದಿನ ಕಂಪ್ಯೂಟರ್ ತಂತ್ರಜ್ಞರು, "ಸರ್ವರ್ ನಿಲ್ಲೋದೇ ಇಲ್ಲ ಮೇಡಂ, ಅದರ ಪಾಡಿಗೆ ಅದು ಓಡ್ತಿರುತ್ತೆ, ಇದರ ಪಾಡಿಗೆ ಇದು ನಕಲು ತೆಗೀತಿರುತ್ತೆ" ಎಂದಿದ್ದರು. ಮಾತು ಸುಳ್ಳಾಗಲಿಲ್ಲ. ಸರ್ವರ್ ನಿಲ್ಲಲಿಲ್ಲ, ನಿಂತವರು ರಕ್ತದಾನಿಗಳು. ತಾವು ನಕಲು ಮುಗಿಸುವವರೆಗೆ ಯಾರೂ ಒಂದಕ್ಷರ ಸೇರಿಸಬಾರದೆಂದು ದಾನಿಗಳ ಪಟ್ಟಿಗೆ ಬೀಗ ಜಡಿಯುತ್ತಿದ್ದಿರಿ. ನನ್ನ ಪರದೆಯ ಮೇಲೆ ನಲವತ್ತು ನಿಮಿಷ ಒಂದು ಚಕ್ರ ಗಿರಗಿರ ತಿರುಗುತ್ತಿತ್ತು. ಬೀಗ ಹಾಕದೆ ನಕಲು ತೆಗೆಯುವ ವಿಧಾನವೂ ಉಂಟಂತೆ, ಜನರಿಲ್ಲದ ಹೊತ್ತೂ ಉಂಟಂತೆ. ತಂತ್ರಜ್ಞರಿಗೆ ಎಂಟು ಸಲ ಫೋನ್ ಮಾಡಿದೆ. ಎಂಟು ಸಲವೂ "ನೋಡ್ತೀನಿ" ಎಂದರು.

ಬೇರೆ ದಾರಿ ಕಾಣದೆ, ಮಗಳು ಅರ್ಧಕ್ಕೆ ಬಿಟ್ಟಿದ್ದ ಗಣಿತದ ನೋಟ್‌ಬುಕ್ಕಿನಲ್ಲಿ ಆ ನಲವತ್ತು ನಿಮಿಷದ ದಾನಿಗಳನ್ನು ಬರೆದುಕೊಳ್ಳತೊಡಗಿದೆ. ಒಂದು ದಿನ ಒಬ್ಬ ಬಸ್ ಚಾಲಕರು ಸಾಲಿನಲ್ಲಿ ನಿಂತು ನಿಂತು ಸಿಡಿದರು: "ರಕ್ತ ಕೊಡೋಕೂ ಕಾಯ್ಬೇಕೇನಮ್ಮ? ನನ್ನ ಬಸ್ಸು ನಿಮ್ಮಪ್ಪ ಓಡಿಸ್ತಾನಾ?" ನಮ್ಮಪ್ಪ ಟೈಲರ್ ಎಂದು ತಿಳಿಸಿ, ಅವರ ಹೆಸರು, ಫೋನ್, ಓ ನೆಗೆಟಿವ್ ಎಂಬ ಅಪರೂಪದ ಗುಂಪು, ಎಲ್ಲ ಬರೆದು, ಪಕ್ಕದಲ್ಲಿ 'ಬಲು ಸಿಡುಕು' ಎಂದೂ ಸೇರಿಸಿದೆ.

ಐದು ತಿಂಗಳ ನಂತರ, ಕಳೆದ ಮಂಗಳವಾರ, ಸರ್ವರಿನ ಡಿಸ್ಕ್ ಸುಟ್ಟುಹೋಯಿತು. ಗಾಬರಿ ಬೇಡ, ಬ್ಯಾಕಪ್ ಇದೆ ಎಂದು ತಂತ್ರಜ್ಞರು ನಗುತ್ತಲೇ ಬಂದರು. ತಾವು ಅಷ್ಟೂ ದಿನ ತೆಗೆದ ನಕಲುಗಳನ್ನೆಲ್ಲ ಅದೇ ಡಿಸ್ಕಿನಲ್ಲಿ ಜೋಡಿಸಿಟ್ಟಿದ್ದಿರೆಂದು ಗೊತ್ತಾದ ಮೇಲೆ ನಗು ನಿಂತಿತು. ಆರು ಸಾವಿರ ದಾನಿಗಳು ಮಾಯ. ಹಳೆಯ ಕಡತಗಳನ್ನು 'ಇನ್ನು ಯಾಕೆ' ಎಂದು ಮೊದಲೇ ರದ್ದಿಗೆ ಹಾಕಿದ್ದರು.

ಅದೇ ಗಳಿಗೆಗೆ ಹೆರಿಗೆ ವಾರ್ಡಿನ ನರ್ಸ್ ಓಡಿಬಂದರು. ಬಾಣಂತಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ, ಓ ನೆಗೆಟಿವ್ ಬೇಕು. ಫ್ರಿಜ್ಜಿನಲ್ಲಿದ್ದದ್ದು ಒಂದೇ ಚೀಲ. ಅದನ್ನು ಕೊಟ್ಟು, ನೋಟ್‌ಬುಕ್ ತಿರುವಿದೆ. ಭಾಗಾಕಾರದ ಲೆಕ್ಕದ ಹಿಂದಿನ ಪುಟದಲ್ಲಿ ಚಾಲಕರು ಸಿಕ್ಕರು. ಫೋನ್ ಎತ್ತಿ ಅಂದಿನಂತೆಯೇ ರೇಗಿದರು, ವಿಷಯ ಕೇಳಿದ್ದೇ ಬಸ್ಸನ್ನು ಇನ್ನೊಬ್ಬರಿಗೊಪ್ಪಿಸಿ ಅರ್ಧ ಗಂಟೆಯಲ್ಲಿ ಬಂದು ತೋಳು ಚಾಚಿದರು. ತಾಯಿ ಉಳಿದಳು. ನಾನು ಕೌಂಟರಿನ ಕೆಳಗೆ ಕೂತು ಅತ್ತೆ.

ಆದ್ದರಿಂದ ಮಹಾಶಯರೇ, ಈ ಕಚೇರಿಯಲ್ಲಿ ತಾವು ಕೆಡಿಸಿದ ಹೊತ್ತಿನ ದಾನಿಗಳಷ್ಟೇ ಉಳಿದಿದ್ದಾರೆ, ಕಾಪಾಡಿದ್ದೆಲ್ಲ ಹೋಗಿದೆ. ಇನ್ನು ಮುಂದೆ ದಿನವಿಡೀ ಅಡ್ಡಿಪಡಿಸಿ ನಮ್ಮೆಲ್ಲ ದಾನಿಗಳನ್ನೂ ರಕ್ಷಿಸಬೇಕೆಂದು ಪ್ರಾರ್ಥನೆ.

ಬೆರಳಿಗೆ ಇಂಕು ಮೆತ್ತಿಕೊಂಡಿರುವ,
ತಮ್ಮ ವಿಶ್ವಾಸಿ,
ಕೌಂಟರ್ ಗುಮಾಸ್ತೆ

ತಾ.ಕ.: ಈ ಪತ್ರ ಓದಿದ ತಂತ್ರಜ್ಞರು, "ಚೆನ್ನಾಗಿದೆ ಮೇಡಂ, ಸಿಸ್ಟಮ್ಮಲ್ಲಿ ಹಾಕಿಡಿ, ಸೇಫಾಗಿರುತ್ತೆ" ಎಂದರು. ಗೋಡೆಗೆ ಅಂಟಿಸಿದ್ದೇನೆ.