ನನಗೆ ಎರಡು ಸಲ ‘ಟಿಂಗ್’ ಎಂದ ಹಡಗಿನ ಯಂತ್ರಕ್ಕೆ

ಮಾನ್ಯರೇ,

ಏಳು ಅಂತಸ್ತಿನ ವಿಹಾರ ಹಡಗಿನ ಇಳಿಬಾಗಿಲಲ್ಲಿ, ಎಡಗಡೆ ಮರಳಿನ ಬಕೆಟ್ಟು, ಬಲಗಡೆ ಕೈ ತೊಳೆಯುವ ದ್ರವದ ಬಾಟಲಿ, ಇವೆರಡರ ನಡುವೆ ಒಂಟಿಕಾಲಲ್ಲಿ ನಿಂತು, ಬಂದವರ ಕಾರ್ಡು ನುಂಗಿ, ಮುಖ ನೋಡಿ, ಹೋಗುವಾಗ ಒಂದು ‘ಟಿಂಗ್’, ಬರುವಾಗ ಒಂದು ‘ಟಿಂಗ್’ ಎಂದು ಅಪ್ಪಣೆ ದಯಪಾಲಿಸುವ ತಮ್ಮ ಪಾದಕ್ಕೆ (ಇರುವುದೇ ಒಂದಾದ್ದರಿಂದ ಪಾದಗಳಿಗೆ ಎನ್ನಲಾರೆ) ನನ್ನ ನಮಸ್ಕಾರಗಳು. ತಾವು ತುಕ್ಕು ಹಿಡಿಯದೆ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನನ್ನ ಕ್ಷೇಮದ ವಿಚಾರ ತಮ್ಮ ದಾಖಲೆಯಲ್ಲಿ ಒಂದು ತರಹ ಇದೆ, ವಾಸ್ತವದಲ್ಲಿ ಇನ್ನೊಂದು ತರಹ ಇದೆ. ದೂರು ಕೊಡಲೆಂದೇ ಕುಳಿತಿದ್ದೇನೆ, ಆದರೆ ಮನಸ್ಸು ಹಾರಾಡುತ್ತಿರುವುದರಿಂದ ಎಲ್ಲಿಯಾದರೂ ಹೊಗಳಿಕೆ ನುಸುಳಿದರೆ ಕ್ಷಮಿಸಬೇಕು.

ಮೊದಲು ನನ್ನ ಪರಿಚಯ. ಇಪ್ಪತ್ತಾರು ವರ್ಷಗಳಿಂದ ಒಂದು ದೊಡ್ಡ ಕಚೇರಿಯ ಎದುರಿಗೆ ಜೆರಾಕ್ಸ್ ಮತ್ತು ಲ್ಯಾಮಿನೇಷನ್ ಅಂಗಡಿ ಇಟ್ಟುಕೊಂಡಿರುವವನು ನಾನು. ಊರಿನ ಅರ್ಧ ಜನರ ಮುಖ ನನಗೆ ಗೊತ್ತಿರುವುದು ಕಪ್ಪುಬಿಳುಪಿನಲ್ಲಿ, ಅದೂ ಸ್ವಲ್ಪ ಓರೆಯಾಗಿ. ಅಸಲು ತಂದಿದ್ದೀರಾ, ಎರಡೂ ಕಡೆ ಬೇಕಾ ಎಂಬ ಎರಡೇ ಪ್ರಶ್ನೆಗಳಲ್ಲಿ ಸಂಸಾರ ತೂಗಿಸಿದ್ದೇನೆ. ನನ್ನ ಲ್ಯಾಮಿನೇಷನ್ ಬಿಟ್ಟುಕೊಂಡಿತೆಂದು ಇಲ್ಲಿಯವರೆಗೆ ಒಬ್ಬರೂ ವಾಪಸ್ಸು ಬಂದಿಲ್ಲ, ಮತ್ತು ಈ ಹೆಮ್ಮೆಯೇ ಮುಂದೆ ನನ್ನ ಕುತ್ತಿಗೆಗೆ ಬಂತೆಂಬುದನ್ನು ತಾವು ಬಲ್ಲಿರಿ.

ಸಮುದ್ರದಾಚೆಯ ಬಂದರಿನ ಊರಿನಲ್ಲಿ ನನ್ನ ಅಕ್ಕ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿ ಬೆಳೆಸಿದವಳು ಅವಳು, ಮತ್ತು ಅವಳ ಮುಖ ನೋಡಿ ಹತ್ತೊಂಬತ್ತು ವರ್ಷವಾಗಿತ್ತು. ಅವಳಿಗೆ ಮಂಡಿನೋವು, ನನಗೆ ಅಂಗಡಿ. ಫೋನಿನಲ್ಲಿ ಮುಖ ನೋಡಿಕೊಂಡು ಮಾತಾಡಬಹುದೆಂದು ಎಷ್ಟು ಹೇಳಿದರೂ ಅವಳು ಅದನ್ನು ಕಿವಿಗೇ ಒತ್ತಿಕೊಳ್ಳುವುದರಿಂದ ನಾನು ಇಷ್ಟು ವರ್ಷ ನೋಡಿದ್ದು ಅವಳ ಒಂದು ಓಲೆಯನ್ನು ಮಾತ್ರ. ಕೊನೆಗೊಂದು ದಿನ ಅವಳೇ, “ಮುಂದಿನ ವರ್ಷ ಬರ್ತೀನಿ ಅನ್ಬೇಡ ಕಣೋ, ಮುಂದಿನ ವರ್ಷಾನ ನಾನು ಈಗೀಗ ನಂಬ್ತಾ ಇಲ್ಲ” ಎಂದಳು. ಆ ವಾರವೇ ತಮ್ಮ ಹಡಗಿಗೆ ಟಿಕೆಟ್ಟು ತೆಗೆಸಿದೆ. ಅಕ್ಕನ ಊರಿನಲ್ಲಿ ಹಡಗು ನಿಲ್ಲುವುದು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ, ಒಟ್ಟು ಆರು ಗಂಟೆ.

ಬಕೆಟ್ಟಿನಲ್ಲಿ ನೀರು ಅಲುಗಿದರೂ ತಲೆ ಸುತ್ತುತ್ತದೆ ಎನ್ನುವ ನನ್ನ ಹೆಂಡತಿ ಅಂಗಡಿ ನೋಡಿಕೊಳ್ಳಲು ಹಿಂದೆ ಉಳಿದು, “ಅಕ್ಕನ್ನ ನೋಡ್ಕೊಂಡು ಬನ್ನಿ, ಕಾಗದಪತ್ರ ನೆನೆಸ್ಕೊಂಡು ಬರ್ಬೇಡಿ” ಎಂದು ಒಂದೇ ಒಂದು ಮಾತು ಹೇಳಿ ಕಳಿಸಿದ್ದಳು. ಮೊದಲನೇ ಬಂದರಿನಲ್ಲಿ ತಮ್ಮ ‘ಟಿಂಗ್’ ಪಡೆದು ಇಳಿದು ಮರಳುವಾಗ ಒಂದು ಅಲೆ ಬಂದು ನನ್ನ ಅಂಗಿಯ ಜೇಬನ್ನೇ ಹುಡುಕಿಕೊಂಡು ಹೊಡೆಯಿತು. ಹಡಗಿನ ಕಾರ್ಡು, ಫೋಟೋ ಇರುವ ಗುರುತಿನ ಚೀಟಿ ಎರಡೂ ಒದ್ದೆ. ಇಳಿಯಬೇಕಾದರೆ ಈ ಎರಡೂ ಬೇಕೆಂದು ಹಡಗಿನವರು ಹಂಚಿದ ಪುಸ್ತಿಕೆಯಲ್ಲಿ ದಪ್ಪಕ್ಷರದಲ್ಲಿತ್ತು. ಇನ್ನು ಅಕ್ಕನ ಊರಿನ ತನಕ ಇವುಗಳ ಗತಿಯೇನು ಎಂದು ಯೋಚಿಸುತ್ತಿರುವಾಗ, ಹೊಟ್ಟೆಪಾಡಿನ ಸಾಮಾನನ್ನು ಬಿಟ್ಟು ಬರಲು ಮನಸ್ಸಾಗದೆ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಂದಿದ್ದ ನನ್ನ ಸಣ್ಣ ಲ್ಯಾಮಿನೇಷನ್ ಯಂತ್ರ ನೆನಪಾಯಿತು.

ಮಾಡಿದೆ ಸ್ವಾಮಿ, ಮನಸಾರೆ ಮಾಡಿದೆ. ಕಾರ್ಡು, ಚೀಟಿ ಮುಗಿದ ಮೇಲೆ ಕೈ ನಿಲ್ಲದೆ ಪುಸ್ತಿಕೆಯ ಮುಖಪುಟಕ್ಕೂ ಮಾಡಿದೆ. ಅಷ್ಟರಲ್ಲಿ ಪಕ್ಕದ ಕೋಣೆಯ ನಿವೃತ್ತ ಮೇಷ್ಟ್ರು ಇಣುಕಿ ನೋಡಿ, “ಇದೇನ್ರೀ ಇಷ್ಟು ಚೆನ್ನಾಗಿದೆ, ನಮ್ದೂ ಮಾಡಿಕೊಡಿ” ಎಂದರು. ಸಂಜೆಯೊಳಗೆ ಆರನೇ ಅಂತಸ್ತಿನ ಹದಿಮೂರು ಮಂದಿಯ ದಾಖಲೆಗಳನ್ನು ಬಿಟ್ಟಿಯಾಗಿ, ಮೂಲೆ ದುಂಡಗೆ ಕತ್ತರಿಸಿ, ಜೀವಮಾನವಿಡೀ ನೀರು ಸೋಕದಂತೆ ಮಾಡಿಕೊಟ್ಟೆ. ಅಂದು ಊಟದ ಮನೆಯಲ್ಲಿ ನನಗೆ ಸಿಕ್ಕ ಮರ್ಯಾದೆ ಕ್ಯಾಪ್ಟನ್ನರಿಗೂ ಸಿಕ್ಕಿರಲಿಕ್ಕಿಲ್ಲ.

ಮಾರನೆಯ ದಿನ ಹತ್ತು ಗಂಟೆಗೆ ಸರಿಯಾಗಿ ನಾವು ಹದಿನಾಲ್ಕು ಮಂದಿ ತಮ್ಮ ಸನ್ನಿಧಿಯಲ್ಲಿ ಸಾಲಾಗಿ ನಿಂತೆವು. ಕೆಳಗೆ ಬಂದರಿನ ದಕ್ಕೆಯ ಮೇಲೆ, ಹೊರಗಿನವರು ದಾಟಬಾರದ ಹಳದಿ ಗೆರೆಯ ಆಚೆ, ನೀಲಿ ಕೊಡೆಯ ಅಡಿಯಲ್ಲಿ ನನ್ನ ಅಕ್ಕ. ಕೊಡೆ ನೀಲಿಯೆಂದು ಫೋನಿನಲ್ಲಿ ಹೇಳಿದ್ದಳು. ನಾನು ಕಾರ್ಡನ್ನು ತಮ್ಮ ಬಾಯಿಗೆ ಒಡ್ಡಿದೆ. ತಾವು ಬಾಯಿ ತೆರೆಯಲಿಲ್ಲ. ತಳ್ಳಿದೆ, ಸವರಿದೆ, ಊದಿದೆ; ದಪ್ಪವಾದ ಕಾರ್ಡು ಒಳಗೆ ಹೋಗಲೊಲ್ಲದು. ತಮ್ಮ ಪಕ್ಕದ ಕಾವಲುಗಾರರು, ನಾವೆಲ್ಲ ಮೀಸೆಯವರು ಎಂದು ಕರೆಯುವವರು, ನನ್ನ ಗುರುತಿನ ಚೀಟಿಯನ್ನು ಬೆಳಕಿಗೆ ಹಿಡಿದು, “ಸಾರ್, ಪ್ಲಾಸ್ಟಿಕ್ ಹಾಕಿದ್ದು ನಡೆಯಲ್ಲ, ಅಲ್ಲೇ ಬರೆದಿದೆ ನೋಡಿ. ಕಿತ್ತುಹಾಕಿ, ಬಿಡ್ತೀನಿ” ಎಂದರು. ಬರೆದದ್ದು ನಿಜ, ಪುಸ್ತಿಕೆಯ ಮುಖಪುಟದ ತಳದಲ್ಲಿ, ಸಣ್ಣಕ್ಷರದಲ್ಲಿ, ನಾನೇ ಲ್ಯಾಮಿನೇಟ್ ಮಾಡಿದ ಹಾಳೆಯ ಒಳಗೆ ಫಳಫಳ ಹೊಳೆಯುತ್ತಿತ್ತು. ಕಿತ್ತುಬರುವಂಥ ಕೆಲಸವನ್ನು ನಾನು ಜನ್ಮದಲ್ಲಿ ಮಾಡಿಲ್ಲವಲ್ಲ ಸ್ವಾಮಿ! ಹಿಂದಿದ್ದ ಹದಿಮೂರು ಜೊತೆ ಕಣ್ಣುಗಳು ನನ್ನ ಬೆನ್ನನ್ನು ಸುಡುತ್ತಿದ್ದವು.

ಇಲ್ಲಿ ತಮ್ಮ ಗುಣಗಾನ ಮಾಡದಿದ್ದರೆ ನಾಲಿಗೆಗೆ ದ್ರೋಹ. ಅಳುಮುಖಕ್ಕೆ ಕರಗದ, ಪರಿಚಯಕ್ಕೆ ಬಗ್ಗದ, ಕೆಳಗೆ ಕಾಯುತ್ತಿರುವ ಅಕ್ಕನ ಕಡೆ ಬೆರಳು ತೋರಿಸಿದರೂ ಆ ಕಡೆ ತಿರುಗದ ತಮ್ಮಂಥ ನಿಷ್ಠೆ ಬೇರೆಲ್ಲಿದೆ! ತಮಗೆ ಸಮುದ್ರವಾಸ ಬೇಸರವಾದರೆ ನಮ್ಮ ಮನೆಯ ಬಾಗಿಲಿಗೆ ದಯಮಾಡಿಸಬೇಕು. ಊಟದ ಹೊತ್ತಿಗೆ ತಪ್ಪದೆ ಹಾಜರಾಗುವ ನನ್ನ ಭಾವಮೈದುನನಿಂದ ಮೂಲ ದಾಖಲೆ ಕೇಳುವ ಧೈರ್ಯ ತಮ್ಮೊಬ್ಬರಿಗೇ ಇರುವುದು.

ನಮ್ಮನ್ನು ಕಾಪಾಡಿದವರು ಕೆಳ ಅಂತಸ್ತಿನ ಇಸ್ತ್ರಿಯಮ್ಮ. ಒದ್ದೆಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆ ಒತ್ತಿ, ಪ್ಲಾಸ್ಟಿಕ್ಕು ಮೆತ್ತಗಾದಾಗ ಉಗುರಿನಿಂದ ಎಬ್ಬಿಸಿ ಒಬ್ಬೊಬ್ಬರನ್ನು ಬಿಡಿಸಲು ಇಪ್ಪತ್ತು ನಿಮಿಷ ಬೇಕೆಂದರು. ನನಗೆ ಮೊದಲು ಎಂದು ಕೇಳಲು ಬಾಯಿ ತೆರೆದೆ. ಮೇಷ್ಟ್ರ ಮುಖ ನೋಡಿ ಮುಚ್ಚಿಕೊಂಡೆ. ತಪ್ಪು ನನ್ನದು, ಸರದಿಯಲ್ಲಿ ಕೊನೆಯವನು ನಾನೇ ಆಗಬೇಕು. ಹದಿಮೂರು ಮಂದಿ ಮುಗಿಯುವ ಹೊತ್ತಿಗೆ ಎರಡೂವರೆ ದಾಟಿತ್ತು. ನಡುನಡುವೆ ಮೇಲೆ ಓಡಿ ಇಣುಕುತ್ತಿದ್ದೆ: ಪ್ರತಿ ಸಲವೂ ನೀಲಿ ಕೊಡೆ ಅಲ್ಲೇ ಇತ್ತು, ಆದರೆ ಮಂಡಿನೋವಿನ ಅಕ್ಕ ಮಾತ್ರ ನಿಲ್ಲಲಾರದೆ ಹಗ್ಗದ ಸುರುಳಿಯ ಮೇಲೆ ಕುಳಿತಿದ್ದಳು. ನಿಜ ಹೇಳುತ್ತೇನೆ, ಅಲ್ಲೇ ನಿಂತು ಅತ್ತುಬಿಟ್ಟೆ.

ಮೂರು ಗಂಟೆಗೆ, ಬಿಸಿಗೆ ಡೊಂಕಾಗಿದ್ದ ಕಾರ್ಡನ್ನು ತಮ್ಮ ಬಾಯಿಗಿಟ್ಟೆ. ತಾವು ನುಂಗಿ ‘ಟಿಂಗ್’ ಎಂದಿರಿ, ಉಗುಳಿದಿರಿ, ಡೊಂಕು ಅಂಚು ಜಾರಿ ಕಾರ್ಡು ಮತ್ತೆ ಒಳಗೆ ಹೋಯಿತು, ಮತ್ತೊಮ್ಮೆ ‘ಟಿಂಗ್’ ಎಂದಿರಿ. ಮೀಸೆಯವರು ಆಗ ಚೀಟಿಯ ಮೇಲಿದ್ದ ನನ್ನ ಸುಕ್ಕಾದ ಫೋಟೋ ನೋಡಿ ನಗುತ್ತಿದ್ದರು. ಎರಡನೆಯದನ್ನು ತಮ್ಮ ಆಶೀರ್ವಾದವೆಂದು ತಿಳಿದು ನಾನು ಮೆಟ್ಟಿಲಿಳಿದು ಓಡಿದೆ.

ಅಕ್ಕ ಕೊಡೆ ಮಡಚಿ, ಕನ್ನಡಕ ಏರಿಸಿ, ನನ್ನ ಬೋಳುತಲೆಯಿಂದ ಹೊಟ್ಟೆಯವರೆಗೆ ನೋಡಿ, “ಬಗ್ಗು” ಎಂದಳು. ಕಾಲಿಗೆ ಬೀಳಲೆಂದುಕೊಂಡು ಬಗ್ಗಿದೆ. “ಅಷ್ಟೊಂದು ಬೇಡ, ಕಿವಿ ಹಿಂದೆ ನೋಡ್ಬೇಕು” ಎಂದು, ನನ್ನ ಎಡಗಿವಿಯನ್ನು ಮಡಿಸಿ, ನನ್ನ ಏಳನೇ ವಯಸ್ಸಿನಲ್ಲಿ ಹೊಲಿಗೆಯ ಕತ್ತರಿಯಿಂದಲೇ ಕೂದಲು ಕತ್ತರಿಸಲು ಹೋಗಿ ತಾನೇ ಮಾಡಿದ ಗಾಯದ ಕಲೆಯನ್ನು ಬೆರಳಿನಿಂದ ಸವರಿ, “ಹೂಂ, ನನ್ನ ಕೈಕೆಲಸಾನೇ” ಎಂದಳು. ಆಮೇಲೆ ತಬ್ಬಿಕೊಂಡಳು. ಚೀಲದಿಂದ ಒಂದು ಅಂಗಿ ತೆಗೆದು ತೊಡಿಸಿದಳು. ಹತ್ತೊಂಬತ್ತು ವರ್ಷದ ಹಿಂದಿನ ಅಳತೆಯಲ್ಲಿ ಹೊಲಿದದ್ದು, ಒಂದು ಗುಂಡಿಯೂ ಕೂಡಲಿಲ್ಲ.

ಹೊರಡುವ ಮುಂಚೆ ಮರಳದವರ ಹೆಸರನ್ನು ಹಡಗಿನವರು ಧ್ವನಿವರ್ಧಕದಲ್ಲಿ ಮೂರು ಸಲ ಕೂಗುತ್ತಾರೆ. ಮೊದಲ ಬಂದರಿನಲ್ಲಿ ಟೋಪಿ ಚೌಕಾಸಿ ಮಾಡುತ್ತಿದ್ದ ಒಬ್ಬರ ಹೆಸರು ಇಡೀ ಪೇಟೆಗೆ ಕೇಳಿಸಿತ್ತು. ಆ ಧೈರ್ಯದಲ್ಲಿ ಹಗ್ಗದ ಸುರುಳಿಯ ಮೇಲೆ ಅಕ್ಕನ ಪಕ್ಕ ಕುಳಿತು ಹರಟುತ್ತಿದ್ದೆ. ಯಾರೂ ಕೂಗಲಿಲ್ಲ. ಹೋದವನು ಎಂದು ಒಂದು ‘ಟಿಂಗ್’, ಬಂದವನು ಎಂದು ಇನ್ನೊಂದು ‘ಟಿಂಗ್’ ತಾವು ಆಗಲೇ ಹೊಡೆದಿದ್ದಿರಲ್ಲ! ತಲೆಯೆತ್ತಿದಾಗ ಹಡಗು ಹೆಬ್ಬೆರಳಿನಷ್ಟು ಕಾಣುತ್ತಿತ್ತು.

ಬಂದರಿನ ಕಚೇರಿಗೆ ಹೋದೆವು. ಗುಮಾಸ್ತರು ಹಡಗಿಗೆ ಫೋನು ಮಾಡಿ, ತುಂಬ ಹೊತ್ತು ಹೂಂಗುಟ್ಟಿ, “ನೀವು ಹಡಗಲ್ಲೇ ಇದ್ದೀರಂತೆ. ಎಂಟು ದಿನಕ್ಕೆ ಅದು ವಾಪಸ್ ಬರತ್ತೆ, ಆಗ ನಿಮ್ಮನ್ನೇ ಕೇಳಿ ನೋಡೋಣ” ಎಂದರು. ನಾನು ನಕ್ಕೆ. ಅಕ್ಕ ಮಾತ್ರ ನಗದೆ, ಗುಮಾಸ್ತರ ಎದುರಿಗೇ ಟೇಪು ತೆಗೆದು ನನ್ನ ಎದೆಯ ಸುತ್ತಳತೆ ತೆಗೆದುಕೊಳ್ಳತೊಡಗಿದಳು.

ಆದ್ದರಿಂದ ಮಾನ್ಯರಲ್ಲಿ ನನ್ನ ದೂರೂ ಕೋರಿಕೆಯೂ ಒಂದೇ: ದಯವಿಟ್ಟು ಈ ತಪ್ಪನ್ನು ತಿದ್ದಬೇಡಿ. ಈಗ ಅಕ್ಕನ ಅಂಗಡಿಯ ಕತ್ತರಿಸುವ ಮೇಜಿನ ತುದಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಎದುರಿಗೆ ಅವಳು ಹೊಸ ಅಂಗಿ ಹೊಲಿಯುತ್ತಿದ್ದಾಳೆ. ಮುಗಿಯಲು ಎಂಟು ದಿನ ಬೇಕಂತೆ. ಒಂದು ಅಂಗಿಗೆ ಅವಳಿಗೆ ಒಂದು ಮಧ್ಯಾಹ್ನ ಸಾಕೆಂದು ನನಗೂ ಗೊತ್ತು, ಅವಳಿಗೂ ಗೊತ್ತು. ಇಬ್ಬರೂ ಹೇಳುತ್ತಿಲ್ಲ.

ತಮ್ಮ ವಿಶ್ವಾಸಿ,
ಆರುನೂರ ಹದಿನಾಲ್ಕನೇ ಕೋಣೆಯಲ್ಲಿ (ತಮ್ಮ ಪ್ರಕಾರ) ವಾಸವಾಗಿರುವ
ಲ್ಯಾಮಿನೇಷನ್ ಅಂಗಡಿಯವನು

ತಾಜಾಕಲಂ: ಹಡಗಿನಲ್ಲಿರುವ ನನಗೆ ರಾತ್ರಿ ಊಟದ ನಂತರ ರಕ್ತದೊತ್ತಡದ ಮಾತ್ರೆ ಕೊಡುವುದನ್ನು ಮರೆಯಬಾರದು. ಹಾಗೂ ಜೆರಾಕ್ಸಿನವನಾಗಿ ಒಂದು ಮಾತು: ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ಲಕ್ಷ ನಕಲು ತೆಗೆದಿದ್ದೇನೆ, ಆದರೆ ನಕಲನ್ನು ಜೋಪಾನವಾಗಿ ಒಳಗಿಟ್ಟುಕೊಂಡು ಅಸಲನ್ನು ಅಕ್ಕನ ಕೈಗೆ ಒಪ್ಪಿಸಿದ ಯಂತ್ರವನ್ನು ಇದೇ ಮೊದಲು ನೋಡಿದ್ದು.