ಮೂರು ಚೊಂಬು ನೀರು

ನಲ್ಲಿ ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಬಿಕ್ಕಳಿಸಿತು, ಆಮೇಲೆ ಸುಮ್ಮನಾಯಿತು. ಬಚ್ಚಲುಮನೆಯ ಚಿಲಕ ಹಾಕಿಕೊಂಡು ನಿಂತಿದ್ದ ಲೈಬ್ರರಿ ಅಕ್ಕ ಅದನ್ನು ಮೂರು ಸಲ ತಿರುವಿದಳು, ಅಂಗೈಯಿಂದ ತಟ್ಟಿದಳು, ಕೊನೆಗೆ ಬಗ್ಗಿ ಅದರ ಬಾಯೊಳಗೇ ಇಣುಕಿ ನೋಡಿದಳು. ಅವಳ ತಲೆಯ ತುಂಬ ಕಪ್ಪು ಬಣ್ಣ ಮೆತ್ತಿತ್ತು. ಮೂವತ್ತು ನಿಮಿಷ ಬಿಟ್ಟು ತೊಳೆಯಬೇಕೆಂದು ಪೊಟ್ಟಣದ ಮೇಲೆ ಬರೆದಿತ್ತು. ಮೂವತ್ತೆರಡು ನಿಮಿಷ ಆಗಿಹೋಗಿತ್ತು. ಬಕೆಟ್ಟಿನ ತಳದಲ್ಲಿದ್ದ ಅರ್ಧ ಚೊಂಬು ನೀರು ಕೈ ಮತ್ತು ಹಣೆ ತೊಳೆಯುವುದಕ್ಕೇ ಮುಗಿಯಿತು.

ನಾಲ್ಕು ಮನೆಗಳ ಆ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ ಎಂದರೆ, ಐವತ್ತಮೂರಾದರೂ ಲೈಬ್ರರಿ ಅಕ್ಕನ ತಲೆಯಲ್ಲಿ ಒಂದೇ ಒಂದು ಬಿಳಿ ಎಳೆ ಇಲ್ಲ ಎಂಬುದು. ಹೇಗೆ ಅಂತ ಯಾರಾದರೂ ಕೇಳಿದರೆ ಅವಳು, "ಏನಿಲ್ಲಪ್ಪ, ಬರೀ ಎಣ್ಣೆ. ನಮ್ಮಮ್ಮನ ಕಡೆಯೋರೆಲ್ಲ ಹೀಗೇ" ಎನ್ನುತ್ತಿದ್ದಳು. ಅವಳ ಅಮ್ಮನ ತಲೆ ಮೂವತ್ತೆಂಟಕ್ಕೇ ಅರಳಿದ ಹತ್ತಿಯಂತೆ ಬೆಳ್ಳಗಾಗಿತ್ತು.

ಮೊದಮೊದಲು ಅದು ಸುಳ್ಳೂ ಆಗಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಯಾರೋ ಕೂದಲನ್ನು ಮೆಚ್ಚಿಕೊಂಡಾಗ ಅವಳು ನಕ್ಕು ಸುಮ್ಮನಾಗಿದ್ದಳು, ಅಷ್ಟೆ. ಆ ನಗು ಬರುಬರುತ್ತ ಮಾತಾಯಿತು, ಮಾತು ವಂಶದ ಹೆಗ್ಗಳಿಕೆಯಾಯಿತು. ದಿನವಿಡೀ ಬೇರೆಯವರು ಓದುವ ಪುಸ್ತಕಗಳಿಗೆ ಮುದ್ರೆ ಒತ್ತುವ ಹೆಂಗಸಿಗೆ, ಮನೆಗೆ ಬಂದರೆ ಅತ್ತೆಯ ಸೊಸೆಯಾಗಿ, ಊರೂರು ಸುತ್ತುವ ಗಂಡನ ಹೆಂಡತಿಯಾಗಿ ಕಳೆದುಹೋಗುವವಳಿಗೆ, ಇದು ನನ್ನದು ಅಂತ ಹೇಳಿಕೊಳ್ಳಲು ಇದ್ದದ್ದು ಆ ಕೂದಲೊಂದೇ. ಅದೂ ಪೊಟ್ಟಣದ್ದು ಎಂದು ತಿಳಿದರೆ ತನ್ನ ಹತ್ತಿರ ಇನ್ನೇನು ಉಳಿಯುತ್ತದೆ ಎಂಬ ಅಂಜಿಕೆ ಅವಳಿಗೆ.

"ಏನೇ, ಒಳಗೇ ಮನೆ ಮಾಡ್ಕೊಂಡ್ಯಾ?" ಅತ್ತೆ ಬಾಗಿಲು ಬಡಿದರು.

ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಅದರ ಮೇಲೆ ಹಳೆಯ ಕಂದು ಟವೆಲ್ ಸುತ್ತಿ ಅವಳು ಹೊರಗೆ ಬಂದಳು. "ತಲೆಗೆ ಎಣ್ಣೆ ಹಚ್ಚಿದ್ದೆ ಅತ್ತೆ. ನೀರು ನಿಂತೋಯ್ತು. ನಿಮ್ಮ ಕೊಡದಿಂದ ಒಂದೆರಡು ಚೊಂಬು…"

ಅತ್ತೆ ಅಡುಗೆಮನೆಯಲ್ಲಿ ಕೊಡದ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಖಜಾನೆ ಕಾಯುವವರ ಹಾಗೆ ಕೂತಾಗಿತ್ತು. "ಕುಡಿಯೋ ನೀರು ತಲೆಗಾ? ಎಣ್ಣೆ ತಾನೇ, ಇರ್ಲಿ ಬಿಡು. ಇನ್ನೊಂದಿಷ್ಟು ಹೊತ್ತು ಇದ್ರೆ ಬುರುಡೆಗೆ ಇಳಿಯುತ್ತೆ, ಒಳ್ಳೇದು."

ಇಳಿಯುವುದು ಆಗಲೇ ಶುರುವಾಗಿತ್ತು. ನೆತ್ತಿಯ ಮೇಲೆ ಇರುವೆಗಳು ಸಾಲುಗಟ್ಟಿ ಮೆರವಣಿಗೆ ಹೊರಟಂತಿತ್ತು.

ಅವಳು ಖಾಲಿ ಬಕೆಟ್ ಹಿಡಿದು ಪಕ್ಕದ ಕಟ್ಟಡದ ಕಡೆ ಹೊರಟಳು. ಮೆಟ್ಟಿಲಿಳಿದು ಅಂಗಳ ದಾಟುವಷ್ಟರಲ್ಲಿ ಕೆಳಮನೆಯ ನಿವೃತ್ತ ಹೆಡ್‌ಮೇಷ್ಟ್ರ ಕಣ್ಣಿಗೆ ಬಿದ್ದಳು. ಮೇಷ್ಟ್ರು ಕೊಳವೆಬಾವಿಯ ಸ್ವಿಚ್ಚಿನ ಪೆಟ್ಟಿಗೆ ತೆರೆದು, ಹಸಿರು ಗುಂಡಿ ಕೆಂಪು ಗುಂಡಿಗಳನ್ನು ಶಾಲೆಯ ಗಂಟೆ ಬಾರಿಸುವಂತೆ ಒತ್ತುತ್ತಿದ್ದರು. ಅವರ ಪಕ್ಕದಲ್ಲಿ ಪಂಪಿನ ಮೆಕ್ಯಾನಿಕ್ ಕೈಕಟ್ಟಿ ನಿಂತಿದ್ದ.

"ಬಾರಮ್ಮ, ಸರಿಯಾದ ಹೊತ್ತಿಗೆ ಬಂದೆ. ಪಂಪ್ ಮೇಲೆತ್ತಬೇಕು. ಪೈಪ್ ಹಿಡಿಯೋಕೆ ಜನ ಬೇಕು."

"ನಾನು ಒಂದು ನಿಮಿಷ ಹೋಗಿ…"

"ಒಂದು ನಿಮಿಷ ಎಲ್ಲರಿಗೂ ಇದೆ, ನೀರು ಯಾರಿಗೂ ಇಲ್ಲ. ಹಿಡಿ!"

ಎದುರುಮನೆಯಾಕೆಯೂ ಬಂದಳು. ಅವಳು ಲೈಬ್ರರಿ ಅಕ್ಕನ ಬಾಗಿಲಿಗೆ ಎದುರು ಬಾಗಿಲಿನವಳು, ಮೂವತ್ತೈದರ ಹುರುಪಿನವಳು. ಎದುರಿನ ಮನೆಯಲ್ಲಿ ಹಾಲು ಉಕ್ಕಿದರೆ ಮೊದಲು ಅವಳಿಗೆ ತಿಳಿಯುತ್ತಿತ್ತು. ಮೆಕ್ಯಾನಿಕ್ ಹಗ್ಗ ಹಿಡಿದ. ಮೇಷ್ಟ್ರು ಒಂದು, ಎರಡು, ಮೂರು ಎಂದು ಎಣಿಸಿದರು. ಎಣಿಕೆ ಅವರದು, ಎಳೆತ ಉಳಿದವರದು. ಕಪ್ಪು ಪೈಪು ಹೆಬ್ಬಾವಿನಂತೆ ಭೂಮಿಯಿಂದ ಮೊಳ ಮೊಳವಾಗಿ ಹೊರಬಂದು ಅಂಗಳದ ತುಂಬ ಸುರುಳಿ ಸುತ್ತಿಕೊಂಡಿತು. ಪ್ರತಿ ಎಳೆತಕ್ಕೂ ಟವೆಲು ಒಂದು ಬೆರಳು ಜಾರುತ್ತಿತ್ತು. ಅವಳು ಭುಜದಿಂದ ಅದನ್ನು ಮೇಲೆ ತಳ್ಳುತ್ತ, ಕೈಯಿಂದ ಪೈಪ್ ಎಳೆಯುತ್ತ ಹೈರಾಣಾದಳು.

"ಯಾಕಕ್ಕ, ಕುತ್ತಿಗೆ ಉಳುಕಿದ್ಯಾ?" ಎಂದಳು ಎದುರುಮನೆಯಾಕೆ.

"ಎಣ್ಣೆ ಹಚ್ಚಿದೀನಿ ಕಣೇ."

"ಓಹೋ, ಎಣ್ಣೆ!" ಎಂದು ಆಕೆ ಮತ್ತೆ ಪೈಪಿಗೆ ಕೈ ಹಾಕಿದಳು.

ಹನ್ನೆರಡೂವರೆಗೆ ಪಂಪು ಮೇಲೆ ಬಂತು. ಆಳೆತ್ತರದ ಸ್ಟೀಲಿನ ಕೊಳವೆ. ಮೇಲರ್ಧ ಪಂಪು, ಕೆಳಗರ್ಧ ಮೋಟಾರು. ಮೆಕ್ಯಾನಿಕ್ ಅದನ್ನು ಗೋಣಿಚೀಲದ ಮೇಲೆ ಮಲಗಿಸಿ ನಡುವಿನ ನಾಲ್ಕು ಬೋಲ್ಟ್ ಬಿಚ್ಚಿ ಎರಡು ತುಂಡು ಮಾಡಿದ. ನೀರು ಹೀರುವ ಜಾಲರಿ ತೆಗೆದ. ಆಮೇಲೆ ಪಂಪಿನ ಹೊಟ್ಟೆಯಿಂದ ಒಂದು ಬಟ್ಟಲು, ಒಂದು ಚಕ್ರ, ಮತ್ತೆ ಬಟ್ಟಲು, ಮತ್ತೆ ಚಕ್ರ ಹೀಗೆ ಹೊರತೆಗೆದು ಸಾಲಾಗಿ ಇಟ್ಟ. ಚಕ್ರಗಳ ಸಂದಿಯಲ್ಲಿ ಮರಳು ಕಲ್ಲಿನಂತೆ ಕಟ್ಟಿಕೊಂಡಿತ್ತು.

"ನೋಡಿ, ಚಕ್ರ ತಿರುಗೋಕೇ ಜಾಗ ಇಲ್ಲ. ಚಕ್ರದ ನಡುವಿನ ಬಳೆ, ಈ ಬುಷ್ ಕೂಡ ಸವೆದಿದೆ. ಮೋಟಾರ್ ಚೆನ್ನಾಗಿದೆ, ಅದಕ್ಕೇನೂ ಆಗಿಲ್ಲ." ಅವನು ಎದ್ದು ಮೊಣಕಾಲು ಕೊಡವಿಕೊಂಡ. "ಅಂಗಡಿಗೆ ಹೋಗಿ ಬುಷ್ ತರ್ತೀನಿ. ಅಕ್ಕ, ನೀವೊಬ್ರು ಇಲ್ಲೇ ಇರಿ. ಮರಳು ಮಾತ್ರ ಒಣ ಬ್ರಷ್ಷಲ್ಲಿ ಉಜ್ಜಿ. ಸಾಲು ತಪ್ಪಬಾರದು. ಬೇರೇನನ್ನೂ ಯಾರೂ ಮುಟ್ಟಬಾರದು."

"ಎಷ್ಟು ಹೊತ್ತಾಗುತ್ತೆ?" ಅವಳ ದನಿಯಲ್ಲಿದ್ದ ಆರ್ತತೆ ಪಂಪಿನ ಮೇಲಿನ ಮಮತೆಯೆಂದು ಅವನು ತಿಳಿದ.

"ಹೆದರಬೇಡಿ ಅಕ್ಕ, ಉಳಿಯುತ್ತೆ."

ಅವಳು ಕೂತು ಒಂದೊಂದೇ ಚಕ್ರ ಉಜ್ಜಿ, ತೆಗೆದ ಜಾಗದಲ್ಲೇ ಇಟ್ಟಳು. ಪುಸ್ತಕ ಜೋಡಿಸಿ ಪಳಗಿದ ಕೈ, ಒಂದೂ ಸಾಲು ತಪ್ಪಲಿಲ್ಲ. ನೆತ್ತಿ ಈಗ ಕೆಂಡದಂತೆ ಉರಿಯುತ್ತಿತ್ತು. ಕೆರೆದುಕೊಳ್ಳಲಾಗದ ತುರಿಕೆಗಿಂತ ದೊಡ್ಡ ಶಿಕ್ಷೆಯನ್ನು ಯಾವ ನ್ಯಾಯಾಲಯವೂ ಕಂಡುಹಿಡಿದಿಲ್ಲ ಅನ್ನಿಸಿತು. ಬ್ರಷ್ಷಿನ ಹಿಡಿಯನ್ನು ಮೆಲ್ಲಗೆ ಟವೆಲಿನೊಳಗೆ ತೂರಿಸಿದಳು. ಎದುರುಮನೆಯಾಕೆ ನೋಡುತ್ತಿರುವುದು ಕಂಡು ಹೊರತೆಗೆದಳು.

ಅಷ್ಟರಲ್ಲಿ ಮೇಲಿನಿಂದ ಅತ್ತೆಯ ಕೂಗು ಬಂತು: "ನನ್ನ ಬಿಪಿ ಮಾತ್ರೆ ಎಲ್ಲಿಟ್ಟಿದೀಯೇ?"

ಮಾತ್ರೆ ಹುಡುಕಿ ಕೊಟ್ಟು ಕೆಳಗೆ ಬರಲು ಹತ್ತು ನಿಮಿಷ ಹಿಡಿಯಿತು. ಅಷ್ಟರಲ್ಲೇ ಮೋಟಾರಿನ ಹಣೆಬರಹ ಬದಲಾಗಿತ್ತು.

ಮೇಷ್ಟ್ರು ಅದನ್ನು ಎತ್ತಿ ಅಲುಗಾಡಿಸಿ ನೋಡಿದ್ದರು. ಒಳಗೆ ಎಳನೀರಿನ ಕಾಯಿಯಂತೆ ಗುಳುಗುಳು ಸದ್ದಾಗಿತ್ತು. "ನೀರು! ಮೋಟಾರಿನೊಳಗೆ ನೀರು ಹೋಗಿದೆ! ಚೆನ್ನಾಗಿದೆ ಅಂತಾನಲ್ಲ, ಇವನೆಂಥ ಮೆಕ್ಯಾನಿಕ್ಕು?" ಎಂದು ಅವರು ಬಿರಡೆ ಬಿಚ್ಚಿ ತಲೆಕೆಳಗು ಮಾಡಿದ್ದರು. ಲೈಬ್ರರಿ ಅಕ್ಕ ಕೊನೆಯ ಮೆಟ್ಟಿಲಿಗೆ ಬಂದಾಗ ಕೊನೆಯ ಹನಿ ಹೂಕುಂಡಕ್ಕೆ ಬೀಳುತ್ತಿತ್ತು.

ಅವಳ ಕಣ್ಣಿಗೆ ಮೊದಲು ಬಿದ್ದದ್ದು ಮೋಟಾರಲ್ಲ, ನೀರು. ಮೂರು ಚೊಂಬು ಒಳ್ಳೆಯ ನೀರು ದಾಸವಾಳದ ಬುಡಕ್ಕೆ! ಅವಳಿಗೆ ದಾಸವಾಳದ ಮೇಲೆ ಹೊಟ್ಟೆಕಿಚ್ಚಾಯಿತು.

"ಮೇಷ್ಟ್ರೇ, ಅದನ್ನ ಮುಟ್ಟಬೇಡಿ ಅಂದಿದ್ನಲ್ಲ ಅವನು!"

"ಕರೆಂಟು, ನೀರು ಒಂದೇ ಕೋಣೇಲಿ ಸಂಸಾರ ಮಾಡುತ್ತೇನಮ್ಮ? ನಾನು ಮೂವತ್ತು ವರ್ಷ ವಿಜ್ಞಾನ ಹೇಳ್ಕೊಟ್ಟವನು. ಇಂಥದ್ದಕ್ಕೆಲ್ಲ ನೀನು ತಲೆ ಬಿಸಿ ಮಾಡ್ಕೋಬೇಡ."

ಲೈಬ್ರರಿ ಅಕ್ಕನ ತಲೆ ಆಗಲೇ ಸಾಕಷ್ಟು ಬಿಸಿಯಾಗಿತ್ತು. ಎದುರುಮನೆಯಾಕೆ ಓಡಿಹೋಗಿ ಕೂದಲು ಒಣಗಿಸುವ ಯಂತ್ರ ತಂದಳು. ಕಿಟಕಿಯಿಂದ ವೈರು ಇಳಿಬಿಟ್ಟು, ಎಣ್ಣೆನೀರು ಹಾಕಿದ ಕೂಸಿನ ತಲೆ ಆರಿಸುವ ಹಾಗೆ ಇಬ್ಬರೂ ಮೋಟಾರನ್ನು ಹೊರಳಿಸಿ ಹೊರಳಿಸಿ ಆರಿಸಿದರು. ಲೈಬ್ರರಿ ಅಕ್ಕ ನೋಡುತ್ತ ನಿಂತಳು. ಈ ಕಟ್ಟಡದಲ್ಲಿ ಒಂದು ಮೋಟಾರಿಗಾದರೂ ತಲೆಗೆ ನೀರಾಗಿ, ಒಣಗಿಸುವ ಯೋಗ ಬಂತಲ್ಲ ಎಂದುಕೊಂಡಳು.

ಪಕ್ಕದ ಕಟ್ಟಡದಲ್ಲೂ ಮಧ್ಯಾಹ್ನದ ಹೊತ್ತಿಗೆ ನೀರು ನಿಂತುಹೋಗಿತ್ತು. ಮೂರು ಗಂಟೆಗೆ ಅತ್ತೆಗೆ ಜೊಂಪು ಹತ್ತಿತು. ಸ್ಟೂಲಿನಲ್ಲೇ, ಗೋಡೆಗೊರಗಿ. ಲೈಬ್ರರಿ ಅಕ್ಕ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಕೊಡದ ಮುಚ್ಚಳ ಸರಿಸಿದಳು. ಕೊಡದಲ್ಲಿ ಉಳಿದದ್ದೇ ನಾಲ್ಕು ಚೊಂಬಾಗುವಷ್ಟು. ಒಂದು, ಎರಡು, ಮೂರು. ಸದ್ದಾಗದಂತೆ ಬಕೆಟ್ಟಿಗೆ ಸುರಿದಳು. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಆ ಮನೆಯಲ್ಲಿ ಅವಳು ಮಾಡಿದ ಮೊದಲ ಕಳವು ಅದು. ಎಲ್ಲೋ ಒಂದು ಕಡೆ ಅದು ಹಿತವಾಗಿಯೂ ಇತ್ತು.

ಬಚ್ಚಲ ಬಾಗಿಲಿಗೆ ಇನ್ನು ನಾಲ್ಕು ಹೆಜ್ಜೆ ಇತ್ತು.

ಕೆಳಗೆ ಆಗಲೇ ಮೆಕ್ಯಾನಿಕ್ ಬಂದು ಹೊಸ ಬುಷ್ ಕೂರಿಸಿ, ಬಟ್ಟಲು ಚಕ್ರಗಳನ್ನು ಸಾಲಿನಂತೆ ಸೇರಿಸಿ, ಕೈಯಿಂದ ತಿರುಗಿಸಿ ನೋಡಿ ತಲೆದೂಗಿದ್ದ. ಆಮೇಲೆ ಮೋಟಾರು ಎತ್ತಿಕೊಂಡ. ಹಗುರವಾಗಿತ್ತು.

"ಇದರ ನೀರೆಲ್ಲಿ?"

"ತೆಗೆದ್ವಿ! ಪೂರ್ತಿ ಒಣಗಿಸಿದೀವಿ ಕೂಡ" ಎಂದರು ಮೇಷ್ಟ್ರು, ಶಹಬ್ಬಾಸ್‌ಗಿರಿಗೆ ಕಾಯುತ್ತ.

ಮೆಕ್ಯಾನಿಕ್ ಹಣೆಗೆ ಕೈ ಹಚ್ಚಿ ಕುಕ್ಕರಿಸಿದ. "ಸಾರ್, ಇದು ನೀರು ತುಂಬಿಸೋ ಮೋಟಾರು. ಒಳಗಿನ ತಂತಿಗೆ ನೀರು ತಾಗದ ಹೊದಿಕೆ ಇದೆ. ಆ ನೀರೇ ಇದಕ್ಕೆ ತಂಪು, ಆ ನೀರೇ ಇದಕ್ಕೆ ಎಣ್ಣೆ. ಹೀಗೇ ಇಳಿಸಿದ್ರೆ ಸುಟ್ಟು ಬೂದಿ. ಮೂರು ಚೊಂಬು ಶುದ್ಧ ನೀರು ಕೊಡಿ, ತುಂಬಿಸಿ ಇಳಿಸ್ತೀನಿ."

"ಕೊಳವೆಬಾವಿ ತುಂಬ ನೀರಿದೆಯಲ್ಲಯ್ಯ!"

"ಇದೆ. ಪಂಪ್ ಹಾಕಿದ್ರೆ ಬರುತ್ತೆ. ನೀರು ಹಾಕಿದ್ರೆ ಪಂಪ್ ಕೆಳಗಿಳಿಯುತ್ತೆ."

ಮೇಷ್ಟ್ರು ಆಕಾಶ ನೋಡಿದರು. ಅವರ ಮನೆಯಲ್ಲಿ ಮಧ್ಯಾಹ್ನವೇ ಕೊನೆಯ ಲೋಟ ಮುಗಿದಿತ್ತು. ಎದುರುಮನೆಯಾಕೆ ಮಾತ್ರ ಮೆಟ್ಟಿಲು ಹತ್ತಿ ಓಡಿದಳು, ಲೈಬ್ರರಿ ಅಕ್ಕನ ತೆರೆದ ಬಾಗಿಲಲ್ಲಿ ನಿಂತಳು, ಬಕೆಟ್ ನೋಡಿದಳು.

"ಮೇಷ್ಟ್ರೇ! ಅಕ್ಕನ ಹತ್ರ ನೀರಿದೆ! ಸರಿಯಾಗಿ ಮೂರು ಚೊಂಬು! ನಾವು ಕೇಳೋ ಮೊದಲೇ ತುಂಬಿಸಿ ಇಟ್ಟಿದಾರೆ!"

ಲೈಬ್ರರಿ ಅಕ್ಕ ಇಲ್ಲ ಅನ್ನುವುದಕ್ಕೆ ಬಾಯಿ ತೆರೆದಳು. ಏನಂತ ಇಲ್ಲ ಅನ್ನುವುದು? ಇದು ಯಾಕೆ ಬೇಕಿತ್ತು ಅಂತ ಹೇಳುವುದು? ಬಕೆಟ್ ಅವಳ ಕೈಯಿಂದ ತಾನಾಗಿಯೇ ಹೊರಟುಹೋಯಿತು. ಹಿಂದೆಯೇ ಅವಳೂ ಇಳಿದಳು, ಮಗಳನ್ನು ಗಂಡನ ಮನೆಗೆ ಕಳಿಸುವ ತಾಯಿಯಂತೆ. ಮೆಕ್ಯಾನಿಕ್ ಆಲಿಕೆ ಇಟ್ಟು ಹನಿಯೂ ಚೆಲ್ಲದಂತೆ ಸುರಿದ. ಮೋಟಾರು ಗುಟುಕು ಗುಟುಕಾಗಿ ಕುಡಿಯಿತು, ನಡುನಡುವೆ ತೇಗಿತು. ಬಿರಡೆ ಬಿಗಿಯಿತು.

"ನಿನ್ನಂಥೋರು ಇದ್ರೆ ಕಟ್ಟಡ ಉಳಿಯುತ್ತಮ್ಮ" ಎಂದರು ಮೇಷ್ಟ್ರು ಗದ್ಗದಿತರಾಗಿ.

ಐದಕ್ಕೆ ಹತ್ತು ನಿಮಿಷವಿರುವಾಗ ಪಂಪು ಮತ್ತೆ ಭೂಮಿಗಿಳಿದಿತ್ತು. "ಮೊದಲ ನೀರಲ್ಲಿ ಮರಳಿರುತ್ತೆ, ಟ್ಯಾಂಕಿಗೆ ಬೇಡ. ಸ್ವಲ್ಪ ಹೊತ್ತು ಹೊರಗೆ ಬಿಡಿ" ಎಂದು ಮೆಕ್ಯಾನಿಕ್ ಪೈಪಿನ ತುದಿಯನ್ನು ಮೇಷ್ಟ್ರ ಕೈಗೆ ಕೊಟ್ಟು ಹಸಿರು ಗುಂಡಿ ಒತ್ತಿದ. ಏನೂ ಬರಲಿಲ್ಲ. ಮೇಷ್ಟ್ರು ಪೈಪಿನೊಳಗೆ ಇಣುಕಲು ಅದನ್ನು ಎತ್ತಿದರು. ಒಳಗಿನಿಂದ ಗುರ್ರೆಂದಿತು. ಅವರು ಬೆಚ್ಚಿ ಪಕ್ಕಕ್ಕೆ ತಿರುಗಿಸಿದರು. ಪಕ್ಕದಲ್ಲಿ ನಿಂತಿದ್ದವಳು ಲೈಬ್ರರಿ ಅಕ್ಕ.

ನೀರು ಒದ್ದ ಹಾಗೆ ಬಂತು. ಟವೆಲ್ ಹೂಕುಂಡದ ಮೇಲೆ ಬಿತ್ತು, ಪ್ಲಾಸ್ಟಿಕ್ ಚೀಲ ಗಾಳಿಪಟವಾಯಿತು. ಆರೂವರೆ ಗಂಟೆಯ ಬಣ್ಣ ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಸೆರಗಿಗೆ, ಸೆರಗಿನಿಂದ ಅಂಗಳಕ್ಕೆ ಶಾಯಿಯ ಹೊಳೆಯಾಗಿ ಇಳಿಯಿತು. ತಂಪಾದದ್ದು ಎಷ್ಟು ಸುಖವಾಗಿತ್ತೆಂದರೆ ಒಂದು ಕ್ಷಣ ಅವಳು ಕಣ್ಣು ಮುಚ್ಚಿ ನಿಂತುಬಿಟ್ಟಳು. ಆಮೇಲೆ ಕಣ್ಣು ತೆರೆದಳು. ಎಲ್ಲರೂ ನೋಡುತ್ತಿದ್ದರು. ಹನ್ನೆರಡು ವರ್ಷ ಮುಗಿದುಹೋಯಿತು ಎಂದುಕೊಂಡಳು.

"ಛೆ ಛೆ, ಬೆಳಿಗ್ಗೆಯಿಂದ ಹಾಗೇ ಇತ್ತೇನಮ್ಮ?" ಎಂದರು ಮೇಷ್ಟ್ರು. "ಎರಡನೇ ಶನಿವಾರ ಅನ್ನೋದು ನನಗೆ ಹೊಳೀಲೇ ಇಲ್ಲ ನೋಡು. ಪ್ರತಿ ತಿಂಗಳು ನಮ್ಮ ಕಿಟಕಿ ಕೆಳಗಿನ ಮೋರೀಲಿ ಕಪ್ಪು ನೀರು ಹರಿದ್ರೇನೇ ನಮಗೆ ಎರಡನೇ ಶನಿವಾರ."

"ಅಂದ್ರೆ… ನಿಮಗೆ ಗೊತ್ತಿತ್ತಾ?"

"ಎಲ್ಲರಿಗೂ ಗೊತ್ತಲ್ಲಕ್ಕ" ಎಂದಳು ಎದುರುಮನೆಯಾಕೆ, ತನ್ನ ಸೆರಗಿನಿಂದ ಅವಳ ಮುಖ ಒರೆಸುತ್ತ. "ನೀವು ಹೇಳಿದ ಎಣ್ಣೆ ನಾನು ಎರಡು ವರ್ಷ ಹಚ್ಚಿದೀನಿ. ಬೇಜಾರ್ ಮಾಡ್ಕೋತೀರ ಅಂತ ಯಾರೂ ಹೇಳಿಲ್ಲ, ಅಷ್ಟೇ."

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ತಾನು ಇವರಿಂದ ಬಚ್ಚಿಟ್ಟದ್ದನ್ನು, ಇಷ್ಟೂ ವರ್ಷ ಇವರೆಲ್ಲ ತನ್ನಿಂದ ಬಚ್ಚಿಟ್ಟಿದ್ದರು. ಎದೆಯ ಮೇಲಿನ ಒಂದು ಚಪ್ಪಡಿ ಸರಿದ ಹಾಗಾಯಿತು. ಇನ್ನು ಚಿಲಕವಿಲ್ಲ, ಚೀಲವಿಲ್ಲ, ಪೊಟ್ಟಣವಿಲ್ಲ. ಬೆಳ್ಳಗಾಗುವುದಿದ್ದರೆ ಆಗಲಿ.

ಹಾಗೆಯೇ ಒದ್ದೆ ಸೀರೆಯಲ್ಲಿ ಮೆಟ್ಟಿಲು ಹತ್ತಿದಳು. ಬಾಗಿಲಲ್ಲಿ ಅತ್ತೆ ನಿಂತಿದ್ದರು.

"ಬಣ್ಣ ಅಂತ ಬಾಯಿಬಿಟ್ಟು ಹೇಳಿದ್ರೆ ಬೆಳಿಗ್ಗೇನೇ ಕೊಡ ಬಗ್ಗಿಸ್ತಿದ್ದೆ. ಎಣ್ಣೆ ಎಣ್ಣೆ ಅಂತ ಜಪ ಮಾಡಿದ್ಯಲ್ಲ!"

"ನಿಮಗೂ ಗೊತ್ತಾ ಅತ್ತೆ? ಹೋಗ್ಲಿ ಬಿಡಿ. ಇವತ್ತಿಗೆ ಮುಗೀತು. ಇನ್ಮೇಲೆ ನಾನು ಹಚ್ಚಲ್ಲ."

ಅತ್ತೆಯ ಮುಖ ಇಳಿದುಹೋಯಿತು. ಅಂಗಳದ ಕಡೆ ಒಮ್ಮೆ ನೋಡಿ, ಬಾಗಿಲು ಮುಂದಕ್ಕೆ ತಳ್ಳಿ, ದನಿ ತಗ್ಗಿಸಿದರು.

"ಹಚ್ಚಲ್ಲ ಅಂದ್ರೆ? ಎಪ್ಪತ್ತಾರಕ್ಕೆ ನಾನು ಅಂಗಡೀಲಿ ಹೋಗಿ ಕೇಳ್ಲಾ? ನೀನು ಬಚ್ಚಲ ಗೂಡಲ್ಲಿ ಬಟ್ಟಲು ಮರೆತು ಬರ್ತಿದ್ಯಲ್ಲ, ಅದರಲ್ಲಿ ಉಳಿದಿದ್ದೆಲ್ಲ ಎಲ್ಲಿಗೆ ಹೋಗ್ತಿತ್ತು ಅಂದ್ಕೊಂಡೆ? ಈ ಕಟ್ಟಡದಲ್ಲಿ ನಿನ್ನದು ಮಾತ್ರ ಗೊತ್ತು, ನನ್ನದು ಯಾರಿಗೂ ಗೊತ್ತಿಲ್ಲ. ನೀನು ಬಿಟ್ರೆ ಮೋರೀಲಿ ಹರಿಯೋದು ಯಾರದ್ದು ಅಂತ ಆ ಮೇಷ್ಟ್ರು ಕೇಳಲ್ವಾ?"

ಲೈಬ್ರರಿ ಅಕ್ಕ ಅತ್ತೆಯ ನುಣ್ಣಗೆ ಬಾಚಿದ ಕಪ್ಪು ತಲೆಯನ್ನು ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ನೋಡಿದಂತೆ ನೋಡಿದಳು. ಒಳಗೆ ನಲ್ಲಿಯಲ್ಲಿ ನೀರು ಸುರಿಯತೊಡಗಿತ್ತು.

"ನಿಂತು ಏನು ನೋಡ್ತೀಯ? ಹೋಗು, ತಲೆ ತೊಳ್ಕೊ" ಎಂದರು ಅತ್ತೆ. "ಮುಂದಿನ ತಿಂಗಳಿಂದ ಎರಡು ಪೊಟ್ಟಣ ತಾ. ಉಳಿದಿದ್ದು ನನಗೆ ಹಿಂದುಗಡೆ ಸಾಲೋದೇ ಇಲ್ಲ."